ಬಿಸಿಗಾಳಿಯಲ್ಲಿ ಹನಿಯೊಂದರ ಆಯುಸ್ಸು

ಹಾಲನ್ನು ಸಣ್ಣ ಹನಿಗಳಾಗಿ ಸಿಡಿಸಿ ಬಿಸಿಗಾಳಿಗೆ ತೂರಿದರೆ ನೀರು ಆವಿಯಾಗಿ, ಪುಡಿ ಕೆಳಗೆ ಬೀಳುತ್ತದೆ. ದ್ರವಗಳನ್ನು ಹೀಗೆ ತುಂತುರಾಗಿಸಿ ಒಣಗಿಸುವ ವಿಧಾನಕ್ಕೆ ಸ್ಯಾಮ್ಯುಯೆಲ್ ಪರ್ಸಿ ಎಂಬಾತನು ಅಮೆರಿಕದಲ್ಲಿ 1872ರಷ್ಟು ಹಿಂದೆಯೇ ಪೇಟೆಂಟ್ ಪಡೆದಿದ್ದನು. ಆದರೆ ಒಣಗಿಸುವ ಗೋಪುರವು ಎಷ್ಟು ಎತ್ತರವಿರಬೇಕು? ಗಿಡ್ಡವಾದರೆ ಹನಿಯು ಒದ್ದೆಯಾಗಿಯೇ ಗೋಡೆಗೆ ಅಂಟಿ, ಅಲ್ಲಿಯೇ ಸೀದುಹೋಗುತ್ತದೆ. ಅತಿ ಎತ್ತರವಾದರೆ ಹಣವೂ ಇಂಧನವೂ ವ್ಯರ್ಥ. ಉತ್ತರ ಹೇಳಬೇಕಾದರೆ ಹನಿಯ ಆಯುಸ್ಸು ತಿಳಿದಿರಬೇಕು. ಅದನ್ನು ಲೆಕ್ಕಹಾಕಲು ಕಲಿತ ಕಥೆ ನೂರು ವರ್ಷಗಳಷ್ಟು ಉದ್ದವಾದುದು.

ಮೊದಲ ಹೆಜ್ಜೆ ಮ್ಯಾಕ್ಸ್‌ವೆಲ್‌ನದು. ಒದ್ದೆಬಟ್ಟೆ ಸುತ್ತಿದ ಉಷ್ಣಮಾಪಕವು ಏಕೆ ಕಡಿಮೆ ತಾಪ ತೋರಿಸುತ್ತದೆಂಬುದನ್ನು ಆತನು 1877ರಲ್ಲಿ ಬ್ರಿಟಾನಿಕ ವಿಶ್ವಕೋಶದ ಲೇಖನವೊಂದರಲ್ಲಿ ವಿವೇಚಿಸಿದನು. ಗಾಳಿಯಿಂದ ಬಂದ ಶಾಖವನ್ನು ಆವಿಯಾಗುವ ನೀರು ಗುಪ್ತೋಷ್ಣವಾಗಿ ಕೊಂಡೊಯ್ಯುತ್ತದೆ. ನಮ್ಮ ಮಣ್ಣಿನ ಹೂಜಿಯ ನೀರು ತಣ್ಣಗಿರುವುದೂ ಇದರಿಂದಲೇ. ಆದ್ದರಿಂದ ಸುತ್ತಲಿನ ಗಾಳಿ 180 ಡಿಗ್ರಿ ಸೆಲ್ಸಿಯಸ್ ಇದ್ದರೂ ಒದ್ದೆಯಾದ ಹನಿ ಕುದಿಯುವುದಿಲ್ಲ; ಹಾಲು ಕೆಡದೆ ಉಳಿಯುತ್ತದೆ.

1918ರಲ್ಲಿ ಅರ್ವಿಂಗ್ ಲ್ಯಾಂಗ್‌ಮ್ಯೂರ್, ನಿಶ್ಚಲ ಗಾಳಿಯಲ್ಲಿ ಪುಟ್ಟ ಗೋಳದ ಮೇಲ್ಮೈ ಕಾಲದೊಡನೆ ಸಮನಾಗಿ ಕುಗ್ಗುವುದೆಂದು ತೋರಿಸಿದನು. ಇದರರ್ಥ, ವ್ಯಾಸ ಇಮ್ಮಡಿಯಾದರೆ ಆಯುಸ್ಸು ನಾಲ್ಕು ಮಡಿ. ಬೀಸುವ ಗಾಳಿಯಲ್ಲಿ ಈ ಲೆಕ್ಕ ಹೇಗೆ ಬದಲಾಗುವುದೆಂಬುದನ್ನು ರಾನ್ಜ್ ಮತ್ತು ಮಾರ್ಷಲ್ 1952ರಲ್ಲಿ ಪ್ರಯೋಗಗಳಿಂದ ನಿರೂಪಿಸಿದರು. ಅವರ ಸೂತ್ರ ಇಂದಿಗೂ ಬಳಕೆಯಲ್ಲಿದೆ.

ಇಷ್ಟಾದರೂ ಇವೆಲ್ಲ ಒಂಟಿ ಹನಿಯ ಲೆಕ್ಕಗಳು. ಒಂದು ಲೀಟರ್ ನೀರನ್ನು 100 ಮೈಕ್ರಾನ್ ವ್ಯಾಸದ ಹನಿಗಳಾಗಿ ಒಡೆದರೆ ಸುಮಾರು 190 ಕೋಟಿ ಹನಿಗಳಾಗುತ್ತವೆ. ಅವುಗಳ ಒಟ್ಟು ಮೇಲ್ಮೈ 60 ಚದರ ಮೀಟರ್. ಇಷ್ಟು ಹನಿಗಳು ಶಾಖ ಹೀರಿದಾಗ ಗಾಳಿಯೇ ತಣಿಯುತ್ತದೆ, ಅದರ ತೇವವೂ ಹೆಚ್ಚುತ್ತದೆ. ಹಿಂದೆ ಬರುವ ಹನಿ ತಡವಾಗಿ ಒಣಗುತ್ತದೆ. ಒಂಟಿ ಹನಿಯ ಲೆಕ್ಕವನ್ನೇ ನಂಬಿ ಕಟ್ಟಿದ ಗೋಪುರ ಗಿಡ್ಡವಾಗುವುದು ಇಲ್ಲಿಯೇ.

1977ರಲ್ಲಿ ಕ್ಲೇಟನ್ ಕ್ರೋ ಮತ್ತು ಸಂಗಡಿಗರು ಇದಕ್ಕೆ ದಾರಿ ತೋರಿದರು. ಗಾಳಿಯ ಅವಕಾಶವನ್ನು ಸಣ್ಣ ಕೋಶಗಳಾಗಿ ವಿಭಾಗಿಸಬೇಕು. ಕೆಲವು ಪ್ರಾತಿನಿಧಿಕ ಹನಿಗಳ ಜಾಡನ್ನು ಹಿಡಿಯಬೇಕು. ಹನಿಯು ಹೀರಿದ ಶಾಖವನ್ನೂ ಬಿಟ್ಟ ಆವಿಯನ್ನೂ ಆಯಾ ಕೋಶದ ಲೆಕ್ಕಕ್ಕೆ ಬರೆಯಬೇಕು. ಎರಡೂ ಹೊಂದುವವರೆಗೆ ಗಣನೆಯನ್ನು ಪುನರಾವರ್ತಿಸಬೇಕು.

1981ರಲ್ಲಿ ಹರ್ಟ್ ಮತ್ತು ನಿಕೋಲ್ಸ್ ಮತ್ತೊಂದು ಮಾದರಿಯನ್ನು ಪ್ರಕಟಿಸಿದರು. ಪ್ರತಿ ಕೋಶದಲ್ಲಿ ದ್ರವದ ಪಾಲೆಷ್ಟೆಂದು ಬರೆದಿಟ್ಟು, ನೀರಿನ ಮೇಲ್ಮೈಯನ್ನೇ ಹಿಂಬಾಲಿಸುವ ಕ್ರಮವಿದು. ತೊಟ್ಟಿಯ ನೀರಿಗೂ, ನಳಿಕೆಯ ಬಾಯಲ್ಲಿ ಹರಿದು ಹನಿಯಾಗುವ ದ್ರವಕ್ಕೂ ಇದು ಸೊಗಸಾಗಿ ಒಪ್ಪುತ್ತದೆ. ಆದರೆ ಇಡೀ ಗೋಪುರಕ್ಕೆ ಅನ್ವಯಿಸಹೊರಟರೆ, 10 ಮೈಕ್ರಾನ್ ಕೋಶಗಳಂತೆ ಒಂದು ಘನಮೀಟರಿಗೇ ಹತ್ತು ಕೋಟಿ ಕೋಟಿ ಕೋಶಗಳು ಬೇಕಾಗುತ್ತವೆ!

ನಿಮ್ಮಲ್ಲಿ ಎಂಜಿನಿಯರುಗಳಾದವರು ಅನೇಕರಿದ್ದೀರಿ. ಮಾದರಿಯನ್ನು ಆರಿಸುವ ಮೊದಲು, ಮೇಲ್ಮೈಯ ಆಕಾರ ಬೇಕೋ, ಹನಿಗಳ ಸಮೂಹದ ಆಯುಸ್ಸು ಬೇಕೋ ಎಂದು ಕೇಳಿಕೊಳ್ಳಿ. ಇನ್ನೊಂದು ಮಾತು: ಒಣಗುತ್ತಿರುವ ಹಾಲಿನ ಹನಿಯ ಮೇಲೆ ಕೆನೆಯಂಥ ಪೊರೆ ಕಟ್ಟುತ್ತದೆ. ಅಲ್ಲಿಂದಾಚೆಗೆ ಅದು ಬರಿಯ ನೀರಿನಂತೆ ಆವಿಯಾಗುವುದಿಲ್ಲ. ಲ್ಯಾಂಗ್‌ಮ್ಯೂರನ ನಿಯಮವೂ ಆ ಪೊರೆಯ ಬಳಿ ನಿಂತುಬಿಡುತ್ತದೆ.