ಬೆಡಗೂ ಪದಬಂಧವೂ

ವೃತ್ತಪತ್ರಿಕೆಗಳ ಪದಬಂಧವು ಪಡುವಣದಿಂದ ಬಂದದ್ದು. 1913ನೆಯ ಇಸವಿಯ ಡಿಸೆಂಬರ 21ರಂದು ನ್ಯೂಯಾರ್ಕಿನ 'ವರ್ಲ್ಡ್' ಪತ್ರಿಕೆಯಲ್ಲಿ ಆರ್ಥರ್ ವಿನ್ ಎಂಬವನು ವಜ್ರಾಕೃತಿಯ ಬಂಧವೊಂದನ್ನು ಅಚ್ಚುಮಾಡಿಸಿದನು. ಆದರೆ ಸುಳುಹನ್ನಿತ್ತು ಅರ್ಥವನ್ನು ಮರೆಮಾಡುವ ವಿದ್ಯೆಯನ್ನು ಯಾದಗಿರಿ, ಶಹಾಪುರ, ಸುರಪುರಗಳ ಸೀಮೆಯು ಪರರಿಂದ ಕಡ ತರಬೇಕಾದದ್ದಿಲ್ಲ.

ಮುದನೂರಿನ ದೇವರ ದಾಸಿಮಯ್ಯನನ್ನೇ ನೋಡಿರಿ. ವಚನದಲ್ಲಿ 'ರಾಮನಾಥ' ಎಂಬ ಅಂಕಿತವನ್ನು ಕಂಡೊಡನೆ ಕರ್ತೃವಿನ ಹೆಸರು ಹೊಳೆಯುವದು. ಇದು ಸುಲಭದ ಸುಳುಹು. ಬೆಡಗಿನ ವಚನಗಳ ಮಾತು ಬೇರೆ. ಅಲ್ಲಿ ಮೃಗ, ಪಕ್ಷಿ, ವೃಕ್ಷಗಳು ಅಂಗಗುಣಗಳ ಹೆಸರುಗಳು. ಸಂಖ್ಯೆಯೂ ಸಂಕೇತವೇ: ಮೂರೆಂದರೆ ಮಲತ್ರಯ, ಐದೆಂದರೆ ಇಂದ್ರಿಯ, ಎಂಟೆಂದರೆ ಮದ. ಆರೆಂಬಲ್ಲಿ ಬಿಡಿಸುವವನು ತಡೆದು ನಿಲ್ಲಬೇಕು. ಅರಿಷಡ್ವರ್ಗವೋ, ಷಟ್ಚಕ್ರವೋ, ಷಟ್‌ಸ್ಥಲವೋ?

ಪದಬಂಧದಲ್ಲಿ ಅಡ್ಡಸಾಲಿನ ಉತ್ತರಕ್ಕೆ ಕಂಬಸಾಲಿನ ಅಕ್ಷರವು ಸಾಕ್ಷಿ ನುಡಿಯುವದು. ಕನ್ನಡದಲ್ಲಂತೂ ಕಾಗುಣಿತ, ಒತ್ತುಗಳ ಸಹಿತ ಇಡಿಯ ಅಕ್ಷರವೇ ಒಂದು ಮನೆಯಲ್ಲಿ ಕೂಡುವದರಿಂದ ಆ ಸಾಕ್ಷ್ಯವು ಬಲು ಬಿಗಿ. ಬೆಡಗಿಗೆ ಇಂಥ ಸಾಕ್ಷಿಯಿಲ್ಲ. ಆದ್ದರಿಂದಲೇ ಟೀಕೆಗಳು ಬೇಕಾದವು. ಟೀಕಾಕಾರನು ತನ್ನ ಸಿದ್ಧಾಂತಕ್ಕೊಪ್ಪುವ ಅರ್ಥವನ್ನೇ ಕೂಡಿಸಿದರೆ ತಡೆಯುವವರಾರು? ವಚನದ ಉಳಿದ ಸಾಲುಗಳನ್ನೇ ಕಂಬಸಾಲೆಂದು ಬಗೆದು, ಒಂದೆಡೆ ಹೇಳಿದ ಅರ್ಥವು ಮತ್ತೊಂದೆಡೆ ನಿಲ್ಲುವದೋ ಎಂದು ಪರೀಕ್ಷಿಸುವದು ಲೇಸೆಂದು ನನ್ನ ಮತ.

ಕೊಡೇಕಲ್ಲಿನ ಬಸವಣ್ಣನ ಪರಂಪರೆಯವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಕಾಲಜ್ಞಾನದ ಗ್ರಂಥಗಳನ್ನು 'ಅಮರಗನ್ನಡ'ವೆಂಬ ಗೂಢಲಿಪಿಯಲ್ಲಿ ಬರೆದಿಟ್ಟರು. ಇಲ್ಲಿ ಬೀಗ ಬಿದ್ದದ್ದು ಅಕ್ಷರಕ್ಕೇ. ಲಿಪಿಯನ್ನು ಬಿಡಿಸಿದವನಿಗೆ ಒಳಗಣ ಬೆಡಗನ್ನು ಬಿಡಿಸುವ ಕೆಲಸವು ಇದ್ದೇ ಇರುವದು.