ಉಲ್ಲೇಖಗಳ ಲೆಕ್ಕದಲ್ಲಿ ಬ್ರೆಂಡಾ ಮಿಲ್ನರ್

ಯೂಜೀನ್ ಗಾರ್ಫೀಲ್ಡ್ 1960ರ ದಶಕದಲ್ಲಿ ಹೊರತಂದ ‘ಸೈನ್ಸ್ ಸೈಟೇಷನ್ ಇಂಡೆಕ್ಸ್’ನ ಮುದ್ರಿತ ಸಂಪುಟಗಳು ಉಲ್ಲೇಖಗೊಂಡ ಲೇಖನಗಳನ್ನು ಮೊದಲ ಲೇಖಕರ ಹೆಸರಿನಡಿ ಮಾತ್ರ ಪಟ್ಟಿ ಮಾಡುತ್ತಿದ್ದವು. ಅಲ್ಲಿ ನರಮನೋವಿಜ್ಞಾನಿ ಬ್ರೆಂಡಾ ಮಿಲ್ನರ್ ಹೆಸರಿನಡಿ ಹುಡುಕಿದವರಿಗೆ ಅವರ ಅತಿ ಪ್ರಸಿದ್ಧ ಲೇಖನವೇ ಸಿಗುತ್ತಿರಲಿಲ್ಲ. 1957ರ ಆ ಲೇಖನದ ಮೊದಲ ಲೇಖಕ ಶಸ್ತ್ರವೈದ್ಯ ವಿಲಿಯಂ ಸ್ಕೊವಿಲ್. ರೋಗಿಗಳ ನೆನಪನ್ನು ಪರೀಕ್ಷಿಸಿದವರು ಮಿಲ್ನರ್; ಉಲ್ಲೇಖಗಳು ಜಮೆಯಾದದ್ದು ಸ್ಕೊವಿಲ್ ಹೆಸರಿಗೆ. ಉಲ್ಲೇಖಗಳ ಎಣಿಕೆ ಯಾವುದನ್ನು ಹಿಡಿಯುತ್ತದೆ, ಯಾವುದನ್ನು ಬಿಟ್ಟುಬಿಡುತ್ತದೆ ಎಂಬ ಪ್ರಶ್ನೆಗೆ ಮಿಲ್ನರ್ ಅವರ ಸಂಶೋಧನಾ ಜೀವನ ಒಳ್ಳೆಯ ನಿದರ್ಶನ.

1918ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಹುಟ್ಟಿ, ಕೇಂಬ್ರಿಜ್‌ನಲ್ಲಿ ಓದಿದ ಮಿಲ್ನರ್ 1944ರಲ್ಲಿ ಕೆನಡಾಕ್ಕೆ ತೆರಳಿದರು. ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಡೊನಾಲ್ಡ್ ಹೆಬ್ ಅವರ ಮಾರ್ಗದರ್ಶನದಲ್ಲಿ 1952ರಲ್ಲಿ ಪಿಎಚ್.ಡಿ. ಪಡೆದರು. ಮಾಂಟ್ರಿಯಲ್‌ನಲ್ಲಿ ವೈಲ್ಡರ್ ಪೆನ್‌ಫೀಲ್ಡ್ ಶಸ್ತ್ರಚಿಕಿತ್ಸೆ ಮಾಡುತ್ತಿದ್ದ ರೋಗಿಗಳಲ್ಲಿ ಕೆಲವರ ನೆನಪು ಹೋಗಿದ್ದನ್ನು ಅವರು ಗುರುತಿಸಿದ್ದರು. ನೆನಪಿಗೆ ಮೆದುಳಿನಲ್ಲಿ ಗೊತ್ತಾದ ನೆಲೆಯಿಲ್ಲ ಎಂದು ಮನೋವಿಜ್ಞಾನಿ ಕಾರ್ಲ್ ಲ್ಯಾಶ್ಲಿ 1950ರಲ್ಲಿ ವಾದಿಸಿದ್ದ ಕಾಲ ಅದು.

ಸ್ಕೊವಿಲ್ 1953ರಲ್ಲಿ 27 ವರ್ಷದ ಹೆನ್ರಿ ಮೊಲೈಸನ್ ಅವರ ಮೂರ್ಛೆರೋಗ ತಗ್ಗಿಸಲು ಮೆದುಳಿನ ಎರಡೂ ಬದಿಯ ಕಪೋಲ ಪಾಲಿಯ, ಹಿಪೊಕ್ಯಾಂಪಸ್ ಎಂಬ ರಚನೆಯಿರುವ ಒಳಭಾಗವನ್ನು ತೆಗೆದುಹಾಕಿದ್ದರು. ಮೂರ್ಛೆ ಕಡಿಮೆಯಾಯಿತು, ಆದರೆ ಹೊಸದೇನೂ ನೆನಪಿನಲ್ಲಿ ನಿಲ್ಲದಾಯಿತು. 1955ರ ಏಪ್ರಿಲ್‌ನಲ್ಲಿ ಅಮೆರಿಕದ ಹಾರ್ಟ್‌ಫರ್ಡ್‌ಗೆ ಬಂದು ಮಿಲ್ನರ್ ಪರೀಕ್ಷಿಸಿದಾಗ, ಇದು 1953ರ ಮಾರ್ಚ್, ತನ್ನ ವಯಸ್ಸು 27 ಎಂದು ಆತ ಹೇಳಿದ. ಬುದ್ಧ್ಯಂಕ ಮಾತ್ರ 112 ಇತ್ತು. 1957ರ ಲೇಖನದ ಕೇಂದ್ರದಲ್ಲಿದ್ದದ್ದು ಇದೇ ಪ್ರಕರಣ.

ಮುಂದಿನ ಪರೀಕ್ಷೆ ಇನ್ನೂ ಮಹತ್ವದ್ದು. ಕಾಗದದ ಮೇಲೆ ಜೋಡಿಗೆರೆಯ ನಕ್ಷತ್ರ. ತನ್ನ ಕೈಯನ್ನು ಕನ್ನಡಿಯಲ್ಲಷ್ಟೇ ನೋಡುತ್ತ ಆ ಎರಡು ಗೆರೆಗಳ ನಡುವೆ ಪೆನ್ಸಿಲ್ ಎಳೆಯಬೇಕು. ಮೂರು ದಿನಗಳ ಅಭ್ಯಾಸದಲ್ಲಿ ಮೊಲೈಸನ್ ಮಾಡುತ್ತಿದ್ದ ತಪ್ಪುಗಳು ಸ್ಥಿರವಾಗಿ ಇಳಿದವು. ಆದರೆ ಹಿಂದಿನ ದಿನ ಇದೇ ಕೆಲಸ ಮಾಡಿದ್ದು ಆತನಿಗೆ ನೆನಪಿರಲಿಲ್ಲ. ಕೈ ಕಲಿಯುವುದಕ್ಕೂ ಮನಸ್ಸು ನೆನೆಯುವುದಕ್ಕೂ ಮೆದುಳಿನಲ್ಲಿ ಬೇರೆಬೇರೆ ವ್ಯವಸ್ಥೆಗಳಿವೆ ಎಂಬ ತಿಳಿವಳಿಕೆಗೆ ಈ ಪ್ರಯೋಗ ಅಡಿಪಾಯವಾಯಿತು. 1962ರಲ್ಲಿ ಇದು ಅಚ್ಚಾದದ್ದು ವಿಚಾರಸಂಕಿರಣವೊಂದರ ಸಂಪುಟದಲ್ಲಿ, ಫ್ರೆಂಚ್ ಭಾಷೆಯಲ್ಲಿ. ನಿಯತಕಾಲಿಕೆಗಳನ್ನೇ ನೆಚ್ಚಿಕೊಂಡ ಗಣನೆಯಲ್ಲಿ ಇಂಥ ಬರಹ ಅಂಚಿಗೆ ಸರಿಯುತ್ತದೆ.

1957ರ ಲೇಖನವನ್ನು ಉಲ್ಲೇಖಿಸಿದವರೆಲ್ಲ ಅದನ್ನು ಒಪ್ಪಿದವರಲ್ಲ. ಕೋತಿಗಳಲ್ಲಿ ಅದೇ ಭಾಗಕ್ಕೆ ಹಾನಿ ಮಾಡಿದರೂ ಅಂಥ ಮರೆವು ಕಾಣದೆ ಸಂಶೋಧಕರು ವರ್ಷಗಟ್ಟಲೆ ಗೊಂದಲಕ್ಕೊಳಗಾದರು. 1978ರಲ್ಲಿ ಮಾರ್ಟಿಮರ್ ಮಿಶ್ಕಿನ್, ಒಮ್ಮೆ ಕಂಡ ವಸ್ತುವನ್ನು ಗುರುತಿಸುವ ಪರೀಕ್ಷೆಯ ಮೂಲಕ ಕೋತಿಗಳಲ್ಲೂ ತೀವ್ರ ಮರೆವನ್ನು ತೋರಿಸಿದರು. 1991ರಲ್ಲಿ ಲ್ಯಾರಿ ಸ್ಕ್ವೈರ್ ಮತ್ತು ಸ್ಟೂವರ್ಟ್ ಜೋಲಾ-ಮಾರ್ಗನ್, ಹಿಪೊಕ್ಯಾಂಪಸ್ ಜೊತೆಗೆ ಅದರ ಸುತ್ತಲಿನ ತೊಗಟೆಯೂ ಸ್ಮೃತಿಗೆ ಅಗತ್ಯವೆಂದು ವಿವರಿಸಿದರು. ಮೊಲೈಸನ್ ಮೆದುಳಿನಲ್ಲಿ ಸ್ಕೊವಿಲ್ ಅಂದಾಜಿಸಿದ್ದಕ್ಕಿಂತ ಕಡಿಮೆ ಭಾಗವಷ್ಟೇ ಹೋಗಿದೆ, ಹಿಪೊಕ್ಯಾಂಪಸ್‌ನ ಹಿಂತುದಿ ಉಳಿದಿದೆ ಎಂದು 1997ರಲ್ಲಿ ಸುಜಾನ್ ಕಾರ್ಕಿನ್ ತಂಡ ಪ್ರಕಟಿಸಿದ ಎಂಆರ್‌ಐ ಅಧ್ಯಯನ ತಿಳಿಸಿತು. ತಿದ್ದುಪಡಿ, ಸಂದೇಹ, ಸಮರ್ಥನೆ ಎಲ್ಲವೂ ಎಣಿಕೆಯಲ್ಲಿ ತಲಾ ಒಂದು.

ಉಲ್ಲೇಖದ ಕುರುಹನ್ನೇ ಉಳಿಸದ ಬಳಕೆಯೂ ಇದೆ. ಬಣ್ಣ, ಆಕಾರ, ಸಂಖ್ಯೆಗಳ ಪ್ರಕಾರ ಕಾರ್ಡು ವಿಂಗಡಿಸುವ ವಿಸ್ಕಾನ್ಸಿನ್ ಪರೀಕ್ಷೆಯನ್ನು ಮೊದಲು ರೂಪಿಸಿದವರು ಬೇರೆಯವರು; ಮೆದುಳಿನ ಮುಂಭಾಗದ ಹಾನಿಯನ್ನು ಅದು ಬಯಲುಮಾಡುತ್ತದೆ ಎಂದು 1963ರಲ್ಲಿ ತೋರಿಸಿಕೊಟ್ಟವರು ಮಿಲ್ನರ್. ಬೆಂಗಳೂರಿನ ನಿಮ್ಹಾನ್ಸ್ 2004ರಲ್ಲಿ ಪ್ರಕಟಿಸಿದ ನರಮನೋವೈಜ್ಞಾನಿಕ ಪರೀಕ್ಷಾಮಾಲೆಯಲ್ಲೂ ಆ ಪರೀಕ್ಷೆ ಸೇರಿದೆ. ರೋಗಿಯ ಮುಂದೆ ಕಾರ್ಡುಗಳನ್ನು ಹರಡುವಾಗ ಯಾರೂ ಅಡಿಟಿಪ್ಪಣಿ ಬರೆಯುವುದಿಲ್ಲ.

2014ರಲ್ಲಿ ಮಿಲ್ನರ್ ಅವರಿಗೆ ಜಾನ್ ಓಕೀಫ್ ಮತ್ತು ಮಾರ್ಕಸ್ ರೈಕ್ಲ್ ಅವರೊಂದಿಗೆ ಕಾವ್ಲಿ ಪ್ರಶಸ್ತಿ ಸಂದಿತು. ಅಷ್ಟು ಕಾಲ ಕಾದು ನೋಡುವ ವ್ಯವಧಾನ ಉಲ್ಲೇಖಗಳನ್ನು ಎಣಿಸಿ ಅಭ್ಯರ್ಥಿಗಳನ್ನು ಅಳೆಯುವ ನೇಮಕಾತಿ ಸಮಿತಿಗಳಿಗಿರುವುದಿಲ್ಲ, ನಿಜ. ಆದರೂ ಅಭ್ಯರ್ಥಿಯ ನಾಲ್ಕೈದು ಮುಖ್ಯ ಲೇಖನಗಳನ್ನು ಆಯ್ದು, ಅವನ್ನು ಉಲ್ಲೇಖಿಸಿದ ವಾಕ್ಯಗಳನ್ನು ಓದಿ, ಯಾರು ಯಾವುದನ್ನು ಬಳಸಿದರು, ಯಾರು ಯಾವುದನ್ನು ತಿದ್ದಿದರು, ಕೃತಿಯಲ್ಲಿ ಯಾರ ಪಾಲು ಎಷ್ಟು ಎಂದು ಬರೆದಿಡುವುದು ಯಾವ ಸಮಿತಿಗೂ ಅಸಾಧ್ಯವಲ್ಲ.