ಕೆ.ಜಿ. ರೋಡಿನ ಹುಚ್ಚಾಸ್ಪತ್ರೆ, ಮೆಜೆಸ್ಟಿಕ್ಕಿನ ಮನುಷ್ಯ

ಸಂಜೆ ಆಫೀಸು ಬಿಟ್ಟು ಕೆ.ಜಿ. ರೋಡಲ್ಲಿ ಮೆಜೆಸ್ಟಿಕ್ ಕಡೆ ನಡೆಯೋದು ನನ್ನ ಎಷ್ಟೋ ವರ್ಷದ ಅಭ್ಯಾಸ. ಮೊನ್ನೆ ಬಸ್ ಸ್ಟ್ಯಾಂಡಿನ ಹೊರಗೆ ಒಬ್ಬರು ತಮ್ಮಷ್ಟಕ್ಕೆ ತಾವೇ ಮಾತಾಡ್ತಾ ಕೂತಿದ್ದರು. ಪಕ್ಕದ ಅಂಗಡಿಯವನು, "ಹುಚ್ಚ ಸಾರ್, ಬೆಗ್ಗರ್ ಗಾಡಿ ಬಂದ್ರೆ ಎತ್ತಾಕ್ಕೊಂಡು ಹೋಗ್ತಾರೆ ಬಿಡಿ" ಅಂದ. ಆ ಮನುಷ್ಯ ಯಾರ ಮುಂದೆಯೂ ಕೈ ಚಾಚಿರಲಿಲ್ಲ.

ಈ 'ಎತ್ತಾಕ್ಕೊಂಡು ಹೋಗೋದ'ಕ್ಕೆ ಇದೇ ರಸ್ತೆಯಲ್ಲಿ ದೊಡ್ಡ ಚರಿತ್ರೆ ಇದೆ. 1848ರ ಹೊತ್ತಿಗೆ ಡಾ. ಚಾರ್ಲ್ಸ್ ಇರ್ವಿಂಗ್ ಸ್ಮಿತ್ ಎಂಬ ವೈದ್ಯರ ಉಸ್ತುವಾರಿಯಲ್ಲಿ ಬೆಂಗಳೂರಿನ ಹುಚ್ಚಾಸ್ಪತ್ರೆ ಶುರುವಾಯ್ತು. ಅದಿದ್ದದ್ದು ಇವತ್ತಿನ ಮೈಸೂರು ಬ್ಯಾಂಕ್ ಸರ್ಕಲ್ ಆಸುಪಾಸಿನಲ್ಲಿ. 1925ರಲ್ಲಿ ಅದರ ಹೆಸರು ಮೆಂಟಲ್ ಹಾಸ್ಪಿಟಲ್ ಅಂತಾಯ್ತು. 1930ರ ದಶಕದಲ್ಲಿ ಹೊಸೂರು ರಸ್ತೆಗೆ ಹೋಯ್ತು. 1974ರಲ್ಲಿ ಅದೇ ನಿಮ್ಹಾನ್ಸ್ ಆಯ್ತು. ಆಸ್ಪತ್ರೆ ಬೆಳೀತು, ಹೆಸರು ಬದಲಾಯ್ತು. ಆದರೆ ಬೀದೀಲಿ ಅಲೆಯುವವರನ್ನ ಹಿಡಿದು ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಿ ಅಂತಿದ್ದ ಬ್ರಿಟಿಷರ 1912ರ ಕಾನೂನು ಮಾತ್ರ ಸ್ವಾತಂತ್ರ್ಯ ಬಂದು ದಶಕಗಳಾದರೂ ಹೋಗಲಿಲ್ಲ.

ಅದರ ಜೊತೆಗೆ ನಮ್ಮ ರಾಜ್ಯ 1975ರಲ್ಲಿ ಭಿಕ್ಷಾಟನೆ ನಿಷೇಧ ಕಾಯ್ದೆ ತಂತು. ಭಿಕ್ಷೆ ಬೇಡಿದವರನ್ನ ವಾರಂಟ್ ಇಲ್ಲದೆ ಹಿಡಿದು, ನಿರಾಶ್ರಿತರ ಪರಿಹಾರ ಕೇಂದ್ರದಲ್ಲಿ ವರ್ಷಗಟ್ಟಲೆ ಇಡಬಹುದು. ಹರಿದ ಬಟ್ಟೆ, ಜಡೆಗಟ್ಟಿದ ಕೂದಲು ಕಂಡರೆ ಭಿಕ್ಷುಕ ಅಂತ ಲೆಕ್ಕ. ಮಾಗಡಿ ರಸ್ತೆಯ ಸುಮನಹಳ್ಳಿ ಕೇಂದ್ರದಲ್ಲಿ 2010ರ ಆಗಸ್ಟ್‌ನಲ್ಲಿ ಜನ ಒಬ್ಬರ ಹಿಂದೊಬ್ಬರು ಸತ್ತಾಗ ನಾಡು ಬೆಚ್ಚಿಬಿತ್ತು. ಮಾನಸಿಕ ಕಾಯಿಲೆಯವರೂ ಆ ಗೋಡೆಯೊಳಗೆ ಇದ್ದರು. ಆ ಕೇಂದ್ರ ಯಾರ ಕೈಕೆಳಗೆ ಗೊತ್ತಾ? ನಮ್ಮ ಮಕ್ಕಳ ಹಾಸ್ಟೆಲ್ ನೋಡಿಕೊಳ್ಳುವ ಅದೇ ಸಮಾಜ ಕಲ್ಯಾಣ ಇಲಾಖೆ. ಹಾಸ್ಟೆಲ್ ಅನ್ನದಲ್ಲಿ ಹುಳ ಬಂದ್ರೆ ಧರಣಿ ಕೂರುವ ನಾವು, ಈ ಸಾವುಗಳನ್ನ ನಮ್ಮ ಚಳವಳಿಯ ಪ್ರಶ್ನೆ ಅಂತ ಎಷ್ಟು ಎತ್ತಿಕೊಂಡೆವು?

ಇನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ. 2018ರ ಮೇ 29ರಿಂದ ಜಾರಿಯಲ್ಲಿದೆ. ಅದರ 18ನೇ ಸೆಕ್ಷನ್, ಚಿಕಿತ್ಸೆಯಲ್ಲಿ ಜಾತಿಯ ಕಾರಣಕ್ಕೆ ತಾರತಮ್ಯ ಮಾಡಬಾರದು ಅಂತ ಜಾತಿಯ ಹೆಸರು ಹಿಡಿದೇ ಹೇಳುತ್ತೆ. 95ನೇ ಸೆಕ್ಷನ್ ಸರಪಳಿ ಹಾಕೋದನ್ನ ನಿಷೇಧಿಸುತ್ತೆ. 2001ರಲ್ಲಿ ತಮಿಳುನಾಡಿನ ಏರ್ವಾಡಿಯಲ್ಲಿ ಬೆಂಕಿ ಬಿದ್ದಾಗ, ಸರಪಳಿಯಲ್ಲಿದ್ದವರು ಓಡಲಾಗದೆ ಸುಟ್ಟುಹೋದದ್ದು ನೆನಪಿರಲಿ.

ಎಲ್ಲಕ್ಕಿಂತ ಮುಖ್ಯ 100ನೇ ಸೆಕ್ಷನ್. ಮಾನಸಿಕ ಕಾಯಿಲೆಯಿಂದ ದಿಕ್ಕಿಲ್ಲದೆ ಅಲೆಯುವವರನ್ನ ಪೊಲೀಸರು ರಕ್ಷಣೆಗೆ ತಗೋಬೇಕು, 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಬೇಕು. ಲಾಕಪ್ಪಿಗೂ ಜೈಲಿಗೂ ಹಾಕೋ ಹಾಗಿಲ್ಲ. ಮನೆಮಠ ಇಲ್ಲದವರಾದರೆ 'ಕಾಣೆಯಾದವರು' ಅಂತ ಎಫ್‌ಐಆರ್ ಹಾಕಿ ಮನೆಯವರನ್ನ ಹುಡುಕಬೇಕು.

'ಕಾಣೆಯಾದವರು' ಅನ್ನೋ ಪದ ನೋಡಿ. ಭಿಕ್ಷಾಟನೆ ಕಾಯ್ದೆಗೆ ಆ ಮನುಷ್ಯ ಆರೋಪಿ. ಈ ಕಾಯ್ದೆಗೆ ಅವರು ಯಾರದೋ ಮಗ, ಯಾರದೋ ಅಣ್ಣ. ಮೆಜೆಸ್ಟಿಕ್ಕಿನ ಅದೇ ಫುಟ್‌ಪಾತಲ್ಲಿ ಎರಡು ಕಾನೂನು ಕಾಯ್ತಾ ನಿಂತಿವೆ. ಯಾವುದು ಮೊದಲು ಕೈ ಹಾಕುತ್ತೋ ಅದರ ಮೇಲೆ ಒಂದು ಜೀವದ ಹಣೆಬರಹ. ಮುಟ್ಟಿಸಿಕೊಳ್ಳದೆ ದೂರ ಇಡೋದು ಅಂದ್ರೆ ಏನು ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಆವತ್ತು ನಾನು 112ಕ್ಕೆ ಫೋನ್ ಮಾಡಿ 100ನೇ ಸೆಕ್ಷನ್ ಅಂದೆ. ಬಂದವರಿಗೆ ಅದು ಗೊತ್ತಿರಲಿಲ್ಲ. ಮೊಬೈಲಲ್ಲಿ ತೆಗೆದು ಓದಿಸಿದೆ. ಆಮೇಲೆ ಆಸ್ಪತ್ರೆಗೆ ಕರೆದೊಯ್ದರು. ನೀವೂ ಇದನ್ನ ಮೊಬೈಲಲ್ಲಿ ಇಟ್ಕೊಳ್ಳಿ, ಬೇಕಾದಾಗ ಓದಿಸಿ.

ಜೈ ಭೀಮ್.